ಅವಧಾನದ ಹಾನಿಯೂ ಪುನರ್ಲಾಭವೂ

ಅವಧಾನವೆಂಬ ಪದಕ್ಕೆ ಕನ್ನಡದಲ್ಲಿ ಎರಡರ್ಥಗಳು ರೂಢವಾಗಿವೆ. ಮನಸ್ಸನ್ನು ಒಂದು ವಿಷಯದಲ್ಲಿ ನೆಲೆಗೊಳಿಸುವುದು ಮೊದಲನೆಯದು. ಪೃಚ್ಛಕರ ನಡುವೆ ಕುಳಿತು ಆಶುವಾಗಿ ಪದ್ಯಗಳನ್ನು ರಚಿಸುವ ವಿದ್ವತ್ಕ್ರೀಡೆ ಎರಡನೆಯದು. ಮೊದಲನೆಯದು ಸರ್ವರಿಗೂ ಬೇಕಾದುದು. ಎರಡನೆಯದು ಕೆಲವರಿಗೆ ಮಾತ್ರ ಸಾಧ್ಯವಾದುದು. ಆದರೂ ಮೊದಲನೆಯದು ಹೇಗೆ ಕೆಡುವುದು, ಕೆಟ್ಟ ಬಳಿಕ ಹೇಗೆ ಮರಳಿ ಬರುವುದು ಎಂಬ ಪ್ರಶ್ನೆಗೆ ಎರಡನೆಯದರ ಏರ್ಪಾಟಿನಲ್ಲಿಯೇ ಒಂದು ಸುಳಿವುಂಟು.

ಅಷ್ಟಾವಧಾನದ ಸಭೆಯಲ್ಲಿ ಅವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು ಕುಳಿತಿರುತ್ತಾರೆ. ನಿಷೇಧಾಕ್ಷರಿಯವರು ಅವಧಾನಿಯು ಇಡಲಿರುವ ಅಕ್ಷರವನ್ನು ಊಹಿಸಿ, ಇದು ಕೂಡದೆಂದು ಹೆಜ್ಜೆಹೆಜ್ಜೆಗೂ ತಡೆಯುತ್ತಾರೆ. ಸಮಸ್ಯೆಯವರು ಅಸಂಬದ್ಧವಾಗಿ ತೋರುವ ಸಾಲೊಂದನ್ನು ಒಡ್ಡಿ ಅದಕ್ಕೆ ಸಂಗತವಾದ ಅರ್ಥವನ್ನು ಬೇಡುತ್ತಾರೆ. ದತ್ತಪದಿಯವರು ನಾಲ್ಕು ಪದಗಳನ್ನು ಕೊಟ್ಟು, ಅವನ್ನು ನಾಲ್ಕು ಪಾದಗಳಲ್ಲಿ ಹೊಂದಿಸಬೇಕೆನ್ನುತ್ತಾರೆ. ಸಂಖ್ಯಾಬಂಧದವರು 25 ಮನೆಗಳ ಚೌಕವನ್ನು ಹಿಡಿದು, ಮನಸ್ಸಿಗೆ ಬಂದಾಗ ಮನಸ್ಸಿಗೆ ಬಂದ ಮನೆಯ ಅಂಕಿಯನ್ನು ಕೇಳುತ್ತಾರೆ. ಕೊನೆಗೆ ಅಡ್ಡಲಾಗಿಯೂ ಉದ್ದವಾಗಿಯೂ ಕೂಡಿದರೆ ಮೊತ್ತವು ಒಂದೇ ಆಗಿರಬೇಕು. ಒಂದು ಸುತ್ತಿಗೆ ಒಂದು ಪಾದದಂತೆ ಪದ್ಯಗಳು ಬೆಳೆಯುತ್ತವೆ. ಅವಧಾನಿಯ ಕೈಯಲ್ಲಿ ಲೇಖನಿಯಿಲ್ಲ, ಕಾಗದವಿಲ್ಲ. ಕಡೆಯಲ್ಲಿ ಎಲ್ಲವನ್ನೂ ನೆನಪಿನಿಂದ ಒಪ್ಪಿಸಬೇಕು. ಅದಕ್ಕೆ ಧಾರಣವೆಂದು ಹೆಸರು.

ಇವರೆಲ್ಲರ ನಡುವೆ ಅಪ್ರಸ್ತುತಪ್ರಸಂಗಿಯೆಂಬ ಒಬ್ಬ ಪೃಚ್ಛಕನುಂಟು. ಹೊತ್ತಲ್ಲದ ಹೊತ್ತಿನಲ್ಲಿ ಸಲ್ಲದ ಮಾತನ್ನು ತೆಗೆದು ಅವಧಾನಿಯ ಮನಸ್ಸನ್ನು ಹರಿಯಗೊಡುವುದೇ ಇವನ ಕೆಲಸ. ಸಭಿಕರಿಗೆ ಇವನೆಂದರೆ ಪ್ರೀತಿ, ಏಕೆಂದರೆ ನಗೆ ಹುಟ್ಟುವುದು ಇವನಿಂದಲೇ. ಈ ಕಲೆಯನ್ನು ಕಟ್ಟಿದ ಹಿರಿಯರು ವಿಕ್ಷೇಪವನ್ನು ಸಭೆಯಿಂದ ಹೊರಗಟ್ಟಲಿಲ್ಲ. ಅದಕ್ಕೊಂದು ಪೀಠವನ್ನು ಕೊಟ್ಟರು. ಆದರೆ ಪೀಠ ಒಂದೇ, ಎಂಟಲ್ಲ. ಅದರಲ್ಲಿ ಕುಳಿತವನು ಯಾರು, ಅವನ ಉದ್ದೇಶವೇನು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಸಭೆ ಮುಗಿದಾಗ ಅವನೂ ಎದ್ದು ಮನೆಗೆ ಹೋಗುತ್ತಾನೆ.

ಈ ವಿದ್ಯೆಯನ್ನು ಆಂಧ್ರದೇಶದಲ್ಲಿ ತಿರುಪತಿ ವೆಂಕಟ ಕವಿಗಳೆಂಬ ಜೋಡಿ ಕವಿಗಳು ಊರೂರಿಗೆ ಒಯ್ದರು. ಕನ್ನಡದಲ್ಲಿ ಅದನ್ನು ಮತ್ತೆ ಬೆಳಗಿಸಿದವರು ಶತಾವಧಾನಿ ರಾ. ಗಣೇಶರು, 2012ರಲ್ಲಿ ಬೆಂಗಳೂರಿನಲ್ಲಿ ಅವರು ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದರು. ಆದರೆ ಪ್ರಕೃತ ವಿಷಯಕ್ಕೆ ಹೆಚ್ಚು ಉಪಯುಕ್ತವಾದುದು ಗುಜರಾತಿನ ಒಬ್ಬ ಜೈನ ತರುಣನ ವೃತ್ತಾಂತ. ಕಾಠಿಯಾವಾಡದಲ್ಲಿ 1867ರಲ್ಲಿ ಜನಿಸಿದ ಶ್ರೀಮದ್ ರಾಜಚಂದ್ರರು 1887ರಲ್ಲಿ ಮುಂಬಯಿಯ ಸಾರ್ವಜನಿಕ ಸಭೆಯಲ್ಲಿ ಶತಾವಧಾನವನ್ನು ಪ್ರದರ್ಶಿಸಿದರು. ಆಗ ಅವರಿಗೆ ಇಪ್ಪತ್ತು ವರ್ಷ ತುಂಬಿರಲಿಲ್ಲ. ಕೀರ್ತಿ ಹಬ್ಬಿತು, ಯೂರೋಪಿಗೆ ಬರಬೇಕೆಂಬ ಕರೆಯೂ ಬಂದಿತು. ಅವರು ಹೋಗಲಿಲ್ಲ. ಇಷ್ಟೇ ಅಲ್ಲ, ಜನರ ಹೊಗಳಿಕೆಯು ಆತ್ಮಸಾಧನೆಗೆ ಅಡ್ಡಿಯೆಂದು ಕಂಡು ಸ್ವಲ್ಪಕಾಲದಲ್ಲಿಯೇ ಪ್ರದರ್ಶನಗಳನ್ನು ತೊರೆದುಬಿಟ್ಟರು.

1891ರಲ್ಲಿ ಗಾಂಧಿಯವರು ಇಂಗ್ಲೆಂಡಿನಿಂದ ಮರಳಿದಾಗ ಡಾಕ್ಟರ್ ಪ್ರಾಣಜೀವನ ಮೆಹತಾ ಅವರ ಮೂಲಕ ರಾಜಚಂದ್ರರ ಪರಿಚಯವಾಯಿತು. ಗಾಂಧಿಯವರು ತಮಗೆ ಗೊತ್ತಿದ್ದ ಯೂರೋಪಿನ ಭಾಷೆಗಳ ಶಬ್ದಭಂಡಾರವನ್ನೆಲ್ಲ ಬರಿದುಮಾಡಿ ಅವರ ಮುಂದೆ ಹೇಳಿದರಂತೆ. ಅವರು ಅದೇ ಕ್ರಮದಲ್ಲಿ ಒಪ್ಪಿಸಿದರಂತೆ. ಈ ಸಂಗತಿಯನ್ನು ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಆದರೆ ತಮ್ಮನ್ನು ಸೆರೆಹಿಡಿದುದು ಆ ಧಾರಣಶಕ್ತಿಯಲ್ಲವೆಂದೂ ಅಲ್ಲಿಯೇ ಸ್ಪಷ್ಟಪಡಿಸಿದ್ದಾರೆ. ರಾಜಚಂದ್ರರು ಮುತ್ತುರತ್ನಗಳ ವರ್ತಕರು; ಲಕ್ಷಗಳ ವ್ಯಾಪಾರ. ಅಂಗಡಿಯ ಮೇಜಿನ ಮೇಲೆ ಒಂದು ಧರ್ಮಗ್ರಂಥವೂ ದಿನಚರಿಯೂ ಸದಾ ಇರುತ್ತಿದ್ದವು. ವ್ಯಾಪಾರದ ಮಾತು ಮುಗಿದ ಕ್ಷಣವೇ ಅವರ ಕೈ ಅತ್ತ ಹೋಗುತ್ತಿತ್ತು. ಕೆಲಸದ ನಡುವಣ ಬಿಡುವಿನಲ್ಲಿ ಕೈ ತಾನಾಗಿ ಎತ್ತ ಹೋಗುವುದೆಂಬುದು ಮನುಷ್ಯನ ಅವಧಾನವನ್ನು ಅಳೆಯುವುದಕ್ಕೆ ಸಾಕಾದ ಪರೀಕ್ಷೆ. ಈಗ ಬಹುಮಂದಿಯ ಕೈ ಎತ್ತ ಹೋಗುತ್ತದೆಂಬುದನ್ನು ಬಸ್ಸಿನ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ಕಾಣಬಹುದು.

ಹಿಂದಿನವರಿಗೆ ಚಿತ್ತಚಾಂಚಲ್ಯವೇ ಇರಲಿಲ್ಲವೆಂದು ಹೇಳುವವರುಂಟು. ಇದು ಬರಿಯ ಭ್ರಮೆ. ಇಲ್ಲದ ರೋಗಕ್ಕೆ ಯಾರೂ ಔಷಧವನ್ನು ಬರೆದಿಡುವುದಿಲ್ಲ. ಪತಂಜಲಿಯು ಚಿತ್ತವಿಕ್ಷೇಪಗಳನ್ನು ಒಂಬತ್ತು ಬಗೆಯಾಗಿ ಎಣಿಸಿ, ಒಂದೇ ತತ್ತ್ವದ ಅಭ್ಯಾಸವನ್ನು ಪರಿಹಾರವಾಗಿ ವಿಧಿಸಿದನು. ಧರ್ಮಶಾಸ್ತ್ರಕಾರರು ಅನಧ್ಯಾಯದ ನಿಯಮಗಳಲ್ಲಿ ನರಿ, ನಾಯಿ, ಕತ್ತೆಗಳ ಕೂಗು ಕೇಳಿದಾಗಲೂ ವೇದಪಾಠವನ್ನು ನಿಲ್ಲಿಸಬೇಕೆಂದರು. ಆ ನಿಯಮಗಳಿಗೆ ಬೇರೆ ಕಾರಣಗಳೂ ಇದ್ದಿರಬಹುದು. ಕಿವಿ ಅತ್ತ ಹೋದ ಶಿಷ್ಯನಿಗೆ ಸ್ವರ ಹತ್ತುವುದಿಲ್ಲವೆಂಬುದು ಪಾಠ ಹೇಳಿದವರಿಗೆಲ್ಲ ತಿಳಿದ ಮಾತು.

ಈಜಿಪ್ಟಿನ ಮರುಭೂಮಿಯ ಕ್ರೈಸ್ತ ತಪಸ್ವಿಗಳಲ್ಲಿಯೂ ಇದೇ ಸಂಕಟವಿತ್ತು. 399ರಲ್ಲಿ ಕಾಲವಾದ ಇವಾಗ್ರಿಯಸ್ ಎಂಬ ಸಂನ್ಯಾಸಿಯು ಮಧ್ಯಾಹ್ನದ ಪಿಶಾಚಿಯೊಂದನ್ನು ವರ್ಣಿಸಿದ್ದಾನೆ. ಅದು ಹಿಡಿದಾಗ ಸೂರ್ಯನು ಚಲಿಸದಂತೆಯೂ ಹಗಲು ಐವತ್ತು ಗಂಟೆಯಷ್ಟು ಉದ್ದವಾದಂತೆಯೂ ತೋರುತ್ತದೆ. ಸಂನ್ಯಾಸಿಯು ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ. ಯಾರಾದರೂ ಬರುತ್ತಿರುವರೋ ಎಂದು ಹೊರಗೆ ಇಣುಕುತ್ತಾನೆ. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ತನ್ನ ಮಠಕ್ಕೆ ನಿಯಮಾವಳಿಯನ್ನು ಬರೆದಾಗ ಇದಕ್ಕೊಂದು ವ್ಯವಸ್ಥೆಯನ್ನು ಮಾಡಿದನು. ಓದುವ ವೇಳೆಯಲ್ಲಿ ಒಬ್ಬಿಬ್ಬರು ಹಿರಿಯರು ಮಠವನ್ನು ಸುತ್ತಿ, ಪುಸ್ತಕವನ್ನು ಬಿಟ್ಟು ಹರಟೆಯಲ್ಲಿಯೋ ಆಲಸ್ಯದಲ್ಲಿಯೋ ಇರುವ ಸೋದರನುಂಟೇ ಎಂದು ನೋಡಬೇಕು. ಮನಸ್ಸಿನ ದೃಢತೆಯನ್ನು ಒಬ್ಬೊಬ್ಬನ ಸಂಕಲ್ಪಕ್ಕೆ ಮಾತ್ರ ಬಿಡಲಾಗದೆಂದು ಅವನಿಗೆ ಗೊತ್ತಿತ್ತು.

ಇವಾಗ್ರಿಯಸನ ಕಿಟಕಿಯು ಗೋಡೆಯಲ್ಲಿತ್ತು, ಇಂದಿನದು ಅಂಗೈಯಲ್ಲಿದೆ. ಅದು ಅಲ್ಲಿಗೆ ಬಂದ ಕಥೆ ಇಪ್ಪತ್ತು ವರ್ಷಗಳ ಹಿಂದಿನದು. ಪುಟದ ಕೊನೆಯನ್ನೇ ಇಲ್ಲದಂತೆ ಮಾಡಿ, ಬೆರಳು ಜಾರಿಸಿದಷ್ಟೂ ಹೊಸದು ಬರುವ ಯುಕ್ತಿಯನ್ನು 2006ರಲ್ಲಿ ರೂಪಿಸಿದವನು ಏಜಾ ರಾಸ್ಕಿನ್. ಮುಂದೆ ಅವನೇ ಅದಕ್ಕಾಗಿ ಪಶ್ಚಾತ್ತಾಪಪಟ್ಟನು. ಫೇಸ್‌ಬುಕ್ಕಿನಲ್ಲಿ ಮೆಚ್ಚುಗೆಯ ಗುಂಡಿ ಬಂದುದು 2009ರಲ್ಲಿ. ಭಾರತದಲ್ಲಿ 2016ರಲ್ಲಿ ಜಿಯೋ ಸೇವೆಯು ಆರಂಭವಾಗಿ ಅಂತರಜಾಲವು ಅಗ್ಗವಾಯಿತು. 2020ರ ಜೂನಿನಲ್ಲಿ ಸರಕಾರವು ಟಿಕ್‌ಟಾಕನ್ನು ನಿಷೇಧಿಸಿತು. ಜುಲೈಯಲ್ಲಿಯೇ ಇನ್‌ಸ್ಟಾಗ್ರಾಮಿನ ರೀಲುಗಳು ಆ ಸ್ಥಾನಕ್ಕೆ ಬಂದವು. ಅವಧಾನದ ಸಭೆಯಿಂದ ಉಳಿದ ಏಳು ಮಂದಿಯನ್ನೂ ಎಬ್ಬಿಸಿ, ಎಂಟು ಪೀಠಗಳಲ್ಲಿಯೂ ಅಪ್ರಸ್ತುತಪ್ರಸಂಗಿಗಳನ್ನೇ ಕೂರಿಸಿದಂತಾಯಿತು.

ಕ್ಯಾಲಿಫೋರ್ನಿಯಾದ ಸಂಶೋಧಕಿ ಗ್ಲೋರಿಯಾ ಮಾರ್ಕರು ಜನರು ಒಂದು ಪರದೆಯ ಮೇಲೆ ದೃಷ್ಟಿಯನ್ನು ಎಷ್ಟುಹೊತ್ತು ನಿಲ್ಲಿಸುವರೆಂಬುದನ್ನು ಅಳೆದಿದ್ದಾರೆ. 2004ರಲ್ಲಿ ಸರಾಸರಿ ಎರಡೂವರೆ ನಿಮಿಷವಿದ್ದುದು ಮುಂದಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿಯಿತು. ಇದರಿಂದ ಅವಧಾನಶಕ್ತಿಯೇ ಸತ್ತಿತೆಂದು ತೀರ್ಮಾನಿಸುವುದು ತಪ್ಪು. ಇಲ್ಲಿ ಅಳೆದುದು ಅಭ್ಯಾಸವನ್ನು, ಸಾಮರ್ಥ್ಯವನ್ನಲ್ಲ. 2025ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಈ ಭೇದವನ್ನು ತೋರಿಸಿತು. 467 ಮಂದಿಯನ್ನು ಸೇರಿಸಿಕೊಂಡು, ಅವರ ಮೊಬೈಲ್ ಫೋನುಗಳಲ್ಲಿ ಎರಡು ವಾರ ಅಂತರಜಾಲವನ್ನು ತಡೆಯಲಾಯಿತು. ಕರೆಗಳಿಗೂ ಸಂದೇಶಗಳಿಗೂ ತಡೆಯಿರಲಿಲ್ಲ. ಗಣಕಯಂತ್ರದಲ್ಲಿ ಅಂತರಜಾಲವನ್ನು ಬಳಸಬಹುದಿತ್ತು. ಅವಧಾನವನ್ನು ಎಡೆಬಿಡದೆ ನಿಲ್ಲಿಸುವ ಶಕ್ತಿಯು ವಯಸ್ಸಿನಲ್ಲಿ ಹತ್ತು ವರ್ಷ ಹಿಂದಕ್ಕೆ ಹೋದಷ್ಟು ಸುಧಾರಿಸಿತು. ಎಲ್ಲರೂ ನಿಯಮವನ್ನು ಪೂರ್ಣವಾಗಿ ಪಾಲಿಸಲಿಲ್ಲವೆಂಬುದೂ ಅದೇ ವರದಿಯಲ್ಲಿದೆ. ತಾವೇ ಒಪ್ಪಿ ಬಂದವರಲ್ಲಿಯೂ ಹೀಗಾದರೆ, ಒಬ್ಬಂಟಿಯಾಗಿ ಮನೆಯಲ್ಲಿ ಕುಳಿತು ಸಂಕಲ್ಪ ಮಾಡಿದ ಹುಡುಗನನ್ನು ದುರ್ಬಲನೆಂದು ಹಳಿಯುವುದು ನ್ಯಾಯವಲ್ಲ.

ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯವರು ಹಿಡಿದ ದಾರಿ ಬೇರೆ. ಕೋವಿಡ್ ಕಾಲದಲ್ಲಿ ಪಾಠವೆಲ್ಲ ಫೋನಿನಲ್ಲಿ ನಡೆದು, ಶಾಲೆ ಮತ್ತೆ ತೆರೆದಾಗ ಮಕ್ಕಳಿಗೆ ಓದುಬರಹದಲ್ಲಿ ಮನಸ್ಸು ನಿಲ್ಲುತ್ತಿಲ್ಲವೆಂದು ಅಲ್ಲಿನ ಶಿಕ್ಷಕರು ಕಂಡರು. ಹಿರಿಯರನ್ನು ನೋಡಿದರೆ ಅವರೂ ಹಾಗೆಯೇ ಇದ್ದರು. 2022ರ ಆಗಸ್ಟಿನಲ್ಲಿ ಸ್ತ್ರೀಯರ ಸಭೆಯೊಂದು ಸೇರಿ, ಒಂದು ಸೈರನ್ನನ್ನು ಕೊಂಡು ದೇವಸ್ಥಾನದ ಮೇಲಿಡುವುದೆಂದು ನಿಶ್ಚಯವಾಯಿತು. ಸಂಜೆ ಏಳು ಗಂಟೆಗೆ ಅದು ಕೂಗಿದೊಡನೆ ಮನೆಮನೆಯಲ್ಲಿಯೂ ಮೊಬೈಲುಗಳೂ ದೂರದರ್ಶನವೂ ಆರಬೇಕು. ಮಕ್ಕಳು ಪುಸ್ತಕ ತೆರೆಯಬೇಕು, ಹಿರಿಯರು ಓದಬೇಕು, ಇಲ್ಲವೆ ಒಬ್ಬರೊಡನೊಬ್ಬರು ಮಾತನಾಡಬೇಕು. ಶಿಕ್ಷಕರೂ ಅಂಗನವಾಡಿಯ ಸೇವಿಕೆಯರೂ ಆಶಾ ಕಾರ್ಯಕರ್ತೆಯರೂ ಬೀದಿಗಳಲ್ಲಿ ಸುತ್ತಿ ನೋಡುತ್ತಿದ್ದರು. ಬೆನೆಡಿಕ್ಟನ ಹೆಸರನ್ನು ಅವರಲ್ಲಿ ಯಾರೂ ಕೇಳಿರಲಾರರು. ಎಂಟೂವರೆಗೆ ಸೈರನ್ನು ಎರಡನೆಯ ಬಾರಿ ಕೂಗುವುದು. ಆಮೇಲೆ ಫೋನು ತೆಗೆಯುವವರು ತೆಗೆಯಬಹುದು.