ಸುಣ್ಣಕಲ್ಲಿನ ಕಣಿವೆಗೆ ನಡೆದು ಹೋದವರು

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿ. ನೆರೆಯ ಚಿಕ್ಕನಾಯಕನಹಳ್ಳಿಗೆ ಹೆಸರು ಬಂದದ್ದೂ ಆ ಮನೆತನದ ನಾಯಕನಿಂದಲೇ. ಈ ಸೀಮೆಯವರಿಗೆ ಸುಣ್ಣಕಲ್ಲು ಹೊಸದಲ್ಲ. ತುಮಕೂರು ಜಿಲ್ಲೆಯ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ತಲೆಯೆತ್ತಿದ್ದು ಸುತ್ತಲಿನ ಸುಣ್ಣಕಲ್ಲನ್ನು ನಂಬಿಕೊಂಡೇ. ಆದರೆ ಇಲ್ಲಿನ ಸುಣ್ಣಕಲ್ಲು ಬಹಳ ಹಳೆಯದು, ಧಾರವಾಡ ಶಿಲಾವರ್ಗಕ್ಕೆ ಸೇರಿದ್ದು. ಭೂಮಿಯ ಒತ್ತಡಕ್ಕೆ ಸಿಕ್ಕಿ ಮಡಿಕೆ ಬಿದ್ದು ಓರೆಯಾಗಿ ನಿಂತ ಕಿರಿದಾದ ಪಟ್ಟಿಗಳು ಇವು. ಸುಣ್ಣಕಲ್ಲಿನಲ್ಲಿ ನದಿ ಕೊರೆದ ಕಣಿವೆಯನ್ನೇ ನೋಡಬೇಕೆಂದರೆ ಉತ್ತರಕ್ಕೆ, ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳಿಗೆ ಹೋಗಬೇಕು.

ಅಲ್ಲಿ ಕಾಗಿಣಾ ಮತ್ತು ಭೀಮಾ ನದಿಗಳು ಹರಿಯುವ ನೆಲದ ಅಡಿಯಲ್ಲಿ ಸುಣ್ಣಕಲ್ಲು ಹಾಸಿಗೆ ಹಾಸಿದಂತೆ ಪದರ ಪದರವಾಗಿ, ಬಹುಮಟ್ಟಿಗೆ ಮಟ್ಟಸವಾಗಿ ಹರಡಿದೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಇದೇ. ಪ್ರಾಚೀನ ಕಡಲಿನ ತಳದಲ್ಲಿ ಕೆಸರಾಗಿ ಕೂತದ್ದು ಕಲ್ಲಾಗಿದೆ. ಆದ್ದರಿಂದಲೇ ಅದು ಹಲಗೆಯಂತೆ ಸೀಳುತ್ತದೆ. ನದಿ ಇದನ್ನು ಕೊರೆದಾಗ ದಂಡೆಗಳು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತವೆ. ಇವು ಅಮೆರಿಕದ ಮಹಾಕಮರಿಯಂಥ ಆಳದ ಕಣಿವೆಗಳಲ್ಲ. ಆದರೆ ಕನ್ನಡ ನಾಡಿನ ಇತಿಹಾಸದ ಮಟ್ಟಿಗೆ ಇವುಗಳ ಆಳ ಕಡಿಮೆಯೇನಲ್ಲ.

ಸುಣ್ಣಕಲ್ಲಿಗೆ ಇನ್ನೊಂದು ಗುಣವಿದೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಸೌಮ್ಯ ಆಮ್ಲವಾಗುತ್ತದೆ. ಅದು ಕಲ್ಲಿನ ಬಿರುಕುಗಳನ್ನು ನಿಧಾನವಾಗಿ ಕರಗಿಸುತ್ತಾ ಒಳಗಿಳಿಯುತ್ತದೆ. ಹಾಗೆ ಇಳಿದ ನೀರು ಎಲ್ಲೋ ತಗ್ಗಿನಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಹೊರಬಂದಾಗ ತಾನು ಕರಗಿಸಿ ತಂದ ಸುಣ್ಣವನ್ನು ಮತ್ತೆ ಗಟ್ಟಿಯಾಗಿ ಬಿಟ್ಟುಹೋಗುತ್ತದೆ. ಬೇಸಿಗೆಯಲ್ಲೂ ಬತ್ತದ ಇಂಥ ಬುಗ್ಗೆಗಳು ಸುರಪುರ ಸೀಮೆಯ ಹುಣಸಗಿ-ಬೈಚಬಾಳ ಕಣಿವೆಗಳಲ್ಲಿವೆ. ಆದಿಮಾನವ ಅಲ್ಲಿ ನೆಲೆಸಲು ಈ ನೀರೇ ಮುಖ್ಯ ಕಾರಣ.

ಇದನ್ನು ಕಂಡುಹಿಡಿದದ್ದು ಯಂತ್ರವಲ್ಲ, ಕಾಲು. ದಕ್ಷಿಣ ಭಾರತದಲ್ಲಿ ಈ ಸಂಪ್ರದಾಯಕ್ಕೆ ಬುನಾದಿ ಹಾಕಿದವನು ರಾಬರ್ಟ್ ಬ್ರೂಸ್ ಫೂಟ್. ಭೂವಿಜ್ಞಾನ ಇಲಾಖೆಯ ಈ ಅಧಿಕಾರಿ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಉಪಕರಣವನ್ನು ಗುರುತಿಸಿದ. ಧಾರವಾಡ ಶಿಲಾವರ್ಗಕ್ಕೆ ಆ ಹೆಸರು ಕೊಟ್ಟವನೂ ಇವನೇ. 1884ರಲ್ಲಿ ಕರ್ನೂಲು ಸೀಮೆಯ ಸುಣ್ಣಕಲ್ಲಿನ ಗುಹೆಗಳನ್ನು ಪರಿಶೀಲಿಸಿದವನೂ ಇವನೇ.

ಒಂದು ಶತಮಾನದ ನಂತರ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳನ್ನು ಹಲವು ವರ್ಷಗಳ ಕಾಲ ಹೊಲ ಹೊಲ ಸುತ್ತಿ ಶೋಧಿಸಿದರು. ಸುಮಾರು 500 ಚದರ ಕಿಲೋಮೀಟರಿನ ಈ ಪ್ರದೇಶದಲ್ಲಿ ಆದಿ ಶಿಲಾಯುಗದ 200ಕ್ಕೂ ಹೆಚ್ಚು ನೆಲೆಗಳು ದಾಖಲಾದವು. ಅವುಗಳಲ್ಲಿ ಇಸಾಂಪುರ ಹೆಸರುವಾಸಿ. 1990ರ ದಶಕದ ಕೊನೆಯಲ್ಲಿ ಅಲ್ಲಿ ಉತ್ಖನನ ನಡೆದಾಗ ಸಿಕ್ಕಿದ್ದು ಒಂದು ಕಲ್ಲುಗಣಿ! ಹಳೆಯ ಹಳ್ಳದ ಪಾತ್ರದಲ್ಲಿ ತೆರೆದುಕೊಂಡಿದ್ದ ಸುಣ್ಣಕಲ್ಲಿನ ಹಲಗೆಗಳನ್ನು ಆದಿಮಾನವ ಮೀಟಿ ಎಬ್ಬಿಸಿ, ಬೇರೆ ಗಟ್ಟಿ ಕಲ್ಲುಗಳಿಂದ ಬಡಿದು ಕೈಗೊಡಲಿಗಳನ್ನು ಮಾಡಿದ್ದ. ಅಲ್ಲಿ ದೊರೆತ ಪ್ರಾಣಿಯ ಹಲ್ಲುಗಳ ಪರೀಕ್ಷೆ ಈ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಸೂಚಿಸಿತು.

ಕಾಗಿಣಾ ದಂಡೆಗೆ ಬಂದರೆ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ್ದು ಇಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ. ಊರ ಕೋಟೆಯ ಗೋಡೆಗಳಲ್ಲಿ ಇರುವುದೂ ಕಾಲಡಿಯ ಅದೇ ಕಲ್ಲು.

ಕಾಗಿಣಾ ಭೀಮೆಯನ್ನು ಕೂಡಿದ ಮೇಲೆ ಕೆಳಗೆ ಸನ್ನತಿ. ಇಲ್ಲಿನ ಬ್ರಾಹ್ಮೀ ಶಾಸನಗಳತ್ತ 1954ರಲ್ಲಿ ವಿದ್ವಾಂಸರ ಗಮನ ಸೆಳೆದವರು ಕಪಟರಾಳ ಕೃಷ್ಣರಾಯರು. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿನ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಪತ್ತೆಯಾಯಿತು. ಅದುವರೆಗೆ ಕಳಿಂಗದಲ್ಲಿ ಮಾತ್ರ ತಿಳಿದಿದ್ದ ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆ ಬೌದ್ಧ ಸ್ತೂಪವೊಂದನ್ನು ಅಗೆದು ತೆಗೆಯಿತು. ಸ್ಥಳೀಯ ಸುಣ್ಣಕಲ್ಲಿನಲ್ಲಿ ಕೆತ್ತಿದ ಫಲಕವೊಂದರಲ್ಲಿ ಪರಿವಾರದೊಡನೆ ನಿಂತ ಅರಸನಿದ್ದಾನೆ. ಅದರ ಮೇಲೆ ‘ರಾಯೋ ಅಸೋಕೋ’ ಎಂಬ ಬರಹವಿದೆ. ಅಶೋಕನ ಹೆಸರನ್ನು ಹೇಳುವ ಶಾಸನ 1915ರಲ್ಲಿ ಮಸ್ಕಿಯಲ್ಲಿ ಸಿಕ್ಕಿತ್ತು. ಅವನ ಹೆಸರು ಹೊತ್ತ ಚಿತ್ರ ಸಿಕ್ಕಿದ್ದು ಇಲ್ಲಿ. ನುಣುಪಾದ, ಉಳಿಗೆ ಬಗ್ಗುವ ಈ ಕಲ್ಲೇ ಇಲ್ಲದಿದ್ದರೆ ಆ ಚಿತ್ರವೂ ಇರುತ್ತಿರಲಿಲ್ಲವೇನೋ.

ಕಲ್ಲಿನ ಈ ಒಳ್ಳೆಯ ಗುಣವೇ ಅದಕ್ಕೆ ಕುತ್ತೂ ಹೌದು. ಹಾಸುಗಲ್ಲಿಗೂ ಸಿಮೆಂಟಿಗೂ ಬೇಕಾದದ್ದು ಇದೇ ಪದರ. ಶಹಾಬಾದ್, ವಾಡಿ, ಸೇಡಂ ಸುತ್ತಮುತ್ತ ಗಣಿಗಳು ನೆಲವನ್ನು ಬಗೆದಿವೆ. ಹುಣಸಗಿ ಕಡೆ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಬಂದವು. ನೀರಾವರಿಗಾಗಿ ಹೊಲಗಳನ್ನು ಸಮತಟ್ಟು ಮಾಡುವಾಗ ಮೇಲ್ಮಣ್ಣಿನಲ್ಲಿದ್ದ ಶಿಲಾಯುಗದ ನೆಲೆಗಳು ಕಲಸಿಹೋದವು. ರೈತನಿಗೆ ನೀರು ಬೇಕು, ಕಾರ್ಮಿಕನಿಗೆ ಗಣಿಯ ಕೂಲಿ ಬೇಕು. ಇವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಅಗೆಯುವ ಮುನ್ನ ಒಮ್ಮೆ ನಡೆದು ನೋಡಿ ದಾಖಲಿಸುವ ಕೆಲಸಕ್ಕೆ ತಗಲುವ ಖರ್ಚು ಅತ್ಯಲ್ಪ. ಒಮ್ಮೆ ಅಳಿದ ನೆಲೆಯನ್ನು ಮಾತ್ರ ಎಷ್ಟು ಹಣ ಸುರಿದರೂ ಮರಳಿ ಪಡೆಯಲಾಗದು.

ಈ ನಾಡನ್ನು ನೋಡಲು ಬಯಸುವವರಿಗೆ ಕಾರಿಗಿಂತ ಸೈಕಲ್ಲೇ ಲೇಸು. ನಾಲವಾರ ರೈಲು ನಿಲ್ದಾಣದಲ್ಲಿ ಇಳಿದರೆ ಸನ್ನತಿಗೆ ಸೈಕಲ್ಲಿನಲ್ಲಿ ಹೋಗಬಹುದಾದಷ್ಟೇ ದೂರ. ಬಿಸಿಲಿಗೆ ಹೆಸರಾದ ಸೀಮೆಯಾದ್ದರಿಂದ ಚಳಿಗಾಲದ ತಿಂಗಳುಗಳೇ ಸೂಕ್ತ. ನದಿಯ ದಂಡೆಗೆ ಇಳಿಯುವಾಗ ಸೈಕಲ್ ಬಿಟ್ಟು ನಡೆಯಬೇಕು. ಪದರ ಕಲ್ಲು ಅಂಚಿನಲ್ಲಿ ಸಡಿಲವಾಗಿರುತ್ತದೆ, ಮಳೆಗಾಲದಲ್ಲಿ ಪ್ರವಾಹ ಏರುತ್ತದೆ.

ಇನ್ನೊಂದು ಎಚ್ಚರ ಅಗತ್ಯ. ಹೊಲದಲ್ಲಿ ಚೂಪಾದ ಕಲ್ಲು ಕಂಡರೆ ಜೇಬಿಗೆ ಹಾಕಿಕೊಳ್ಳಬಾರದು. ಅದು ಬಿದ್ದಿರುವ ಜಾಗವೇ ಅದರ ಸಾಕ್ಷ್ಯದ ಮುಕ್ಕಾಲು ಪಾಲು. ಜಾಗ ತಪ್ಪಿದ ಕೈಗೊಡಲಿ ಬರೀ ಕಲ್ಲು. ಸನ್ನತಿಯ ಪೀಠದ ಮೇಲೆ ಶಾಸನವಿದೆಯೆಂದು ಗೊತ್ತಾಗಲು ಚಾವಣಿಯೇ ಕುಸಿಯಬೇಕಾಯಿತು. ಮುಂದಿನ ಶೋಧಕ್ಕೆ ಅಂಥ ಅವಘಡವನ್ನು ಕಾಯಬೇಕಾಗಿಲ್ಲ. ಕಣ್ಣು ನೆಲದ ಮೇಲಿಟ್ಟು ನಡೆಯುವವರು ಬೇಕು.