ಹವಳದ ತೊಟ್ಟಿಯಲ್ಲಿ ಬೆಳಕು ಮತ್ತು ಪ್ರವಾಹ: ಒಂದು ಐತಿಹಾಸಿಕ ವಿವೇಚನೆ

ಜೀವಂತ ಹವಳವನ್ನು ಕಡಲಿನಿಂದ ಬೇರ್ಪಡಿಸಿ ಗಾಜಿನ ತೊಟ್ಟಿಯಲ್ಲಿ ಬದುಕಿಸುವ ಪ್ರಯತ್ನಕ್ಕೆ ಸುಮಾರು ನೂರ ಎಂಬತ್ತು ವರ್ಷಗಳ ಇತಿಹಾಸವುಂಟು. ಈ ಇತಿಹಾಸವನ್ನು ಉಪಕರಣಗಳ ಚರಿತ್ರೆಯಾಗಿ ನಿರೂಪಿಸುವುದು ಸುಲಭ: ಮೊದಲು ಇಂಥ ಪಂಪು, ಬಳಿಕ ಇಂಥ ದೀಪ, ಅನಂತರ ಇಂಥ ಶೋಧಕ. ಆದರೆ ಅಂಥ ಪಟ್ಟಿಯಿಂದ ಒಂದು ಮುಖ್ಯ ಪ್ರಶ್ನೆಗೆ ಉತ್ತರ ದೊರೆಯದು. ತೊಟ್ಟಿಯ ನೀರು ಚಲಿಸುತ್ತಿರಬೇಕೆಂಬುದು ಮೊದಲ ವರ್ಷದಲ್ಲಿಯೇ ತಿಳಿದುಬಂದಿತ್ತು. ಹಾಗಿದ್ದೂ ದಿಬ್ಬ ಕಟ್ಟುವ ಹವಳಗಳು ಕಡಲಿನಿಂದ ದೂರವಾದ ನಗರಗಳ ತೊಟ್ಟಿಗಳಲ್ಲಿ ಚೆನ್ನಾಗಿ ಬೆಳೆಯತೊಡಗಿದ್ದು ೧೯೮೦ರ ದಶಕದಲ್ಲಿ. ಈ ವಿಳಂಬಕ್ಕೆ ಕಾರಣವೇನು? ದೀಪಗಳ ಕೊರತೆ ಒಂದು ಕಾರಣವೆಂಬುದು ನಿರ್ವಿವಾದ. ಆದರೆ ಬೆಳಕನ್ನೂ ಪ್ರವಾಹವನ್ನೂ ಬೇರೆಬೇರೆ ಸಮಸ್ಯೆಗಳೆಂದು ಎಣಿಸಿದ್ದು ಅದಕ್ಕಿಂತ ಬಲವಾದ ಕಾರಣವೆಂಬುದು ನಮ್ಮ ಮತ. ಅದನ್ನು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಕಡಲ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿರಿಸಿ ಶಾಸ್ತ್ರೀಯವಾಗಿ ಅಭ್ಯಸಿಸಿದವರಲ್ಲಿ ಸಿಸಿಲಿ ದ್ವೀಪದ ಮೆಸ್ಸೀನದಲ್ಲಿ ನೆಲೆಸಿದ್ದ ಜಾನ್ ವಿಲ್‌ಪ್ರೂ ಪವರ್ ಎಂಬ ಮಹಿಳೆ ಮೊದಲಿಗರು. ಆಕೆಯ ಕಾರ್ಯ ೧೮೩೨ರ ಸುಮಾರಿನದು. ಆದರೆ ಆಕೆಯ ಲಕ್ಷ್ಯವಿದ್ದುದು ಆರ್ಗೊನಾಟವೆಂಬ ಮೃದ್ವಂಗಿಯ ಮೇಲೆ. ಹವಳದ ಕಥೆ ಮೊದಲಾಗುವುದು ೧೮೪೬ರ ಶರತ್ಕಾಲದಲ್ಲಿ. ವೆಸ್ಟ್‌ಮಿನ್‌ಸ್ಟರ್ ಮಠದ ಉಪಾಧಿಕಾರಿಯೊಬ್ಬರ ಪತ್ನಿ ಆನಾ ಥಿನ್ ಎಂಬಾಕೆ ಇಂಗ್ಲೆಂಡಿನ ದಕ್ಷಿಣ ತೀರದ ಟಾರ್ಕಿಯಲ್ಲಿ ಕೆಲವು ಹವಳದ ಜೀವಿಗಳನ್ನು ಸಂಗ್ರಹಿಸಿ, ಸೂಜಿದಾರಗಳಿಂದ ಸ್ಪಂಜಿಗೆ ಹೊಲಿದು, ಉಪ್ಪುನೀರಿನ ಪಾತ್ರೆಯಲ್ಲಿ ಲಂಡನ್ನಿಗೆ ಒಯ್ದರು. ಲಂಡನ್ನಿನಲ್ಲಿ ಕಡಲ ನೀರು ಬೇಕೆಂದಾಗ ದೊರೆಯುವಂಥದಲ್ಲ. ಇದ್ದ ನೀರನ್ನೇ ಮತ್ತೆ ಮತ್ತೆ ಉಪಯೋಗಿಸಬೇಕಾಗಿತ್ತು. ತೆರೆದ ಕಿಟಕಿಯ ಮುಂದೆ ನಿಂತು ಮನೆಯ ಸೇವಕಿಯು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸುರಿಯುತ್ತಿದ್ದಳು. ನಮ್ಮ ಮನೆಗಳಲ್ಲಿ ಬಿಸಿ ಹಾಲನ್ನು ಆರಿಸುವ ಕ್ರಮವನ್ನು ಕಂಡವರಿಗೆ ಈ ಚಿತ್ರ ಅಪರಿಚಿತವಲ್ಲ. ಮರುವರ್ಷ ಆಕೆ ಕಡಲ ಸಸ್ಯಗಳನ್ನೂ ತೊಟ್ಟಿಗೆ ಸೇರಿಸಿದರು. ಹವಳಗಳು ಬದುಕಿದುವು, ಸಂತತಿಯನ್ನೂ ಪಡೆದುವು. ಈ ಅನುಭವವನ್ನು ಆಕೆ ಪ್ರಕಟಿಸಿದ್ದು ೧೮೫೯ರಲ್ಲಿ. ಆ ಸೇವಕಿಯ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ಹವಳದ ತೊಟ್ಟಿಯಲ್ಲಿ ಪ್ರವಾಹವನ್ನು ನಿರ್ಮಿಸಿದ ಮೊದಲ ಕೈ ಆಕೆಯದೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಆನಾ ಥಿನ್ ಸಾಕಿದ ಹವಳವು ತಣ್ಣನೆಯ ಕಡಲಿನದು; ಒಂಟಿಯಾಗಿ ಬಟ್ಟಲಿನ ಆಕಾರದಲ್ಲಿ ಬೆಳೆಯುವ ಕ್ಯಾರಿಯೊಫಿಲಿಯ ಎಂಬ ಕುಲಕ್ಕೆ ಸೇರಿದ್ದು. ಉಷ್ಣವಲಯದಲ್ಲಿ ದಿಬ್ಬ ಕಟ್ಟುವ ಹವಳಗಳ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಇದರಲ್ಲಿಲ್ಲ. ಆದುದರಿಂದ ತನ್ನ ಪೋಷಣೆಗಾಗಿ ಇದು ಬೆಳಕನ್ನು ಬೇಡುವುದಿಲ್ಲ. ಹೀಗೆ, ಗಾಜಿನಲ್ಲಿ ಬದುಕಿದ ಮೊದಲ ಹವಳವು ಮನುಷ್ಯನಿಗೆ ಅರ್ಧ ಪಾಠವನ್ನು ಮಾತ್ರ ಕಲಿಸಿತು. ನೀರು ಚಲಿಸಬೇಕೆಂದು ತಿಳಿಯಿತು. ಬೆಳಕಿನ ಮಾತೇ ಏಳಲಿಲ್ಲ.

ಅನಂತರದ ಮೂವತ್ತು ವರ್ಷಗಳಲ್ಲಿ ಬೆಳಕು ಶತ್ರುವಾಯಿತೆಂದೇ ಹೇಳಬೇಕು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ೧೮೪೫ರಲ್ಲಿ ರದ್ದಾಗಿತ್ತು. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು ೧೮೫೦ರಲ್ಲಿ ಸಸ್ಯ ಮತ್ತು ಪ್ರಾಣಿಗಳ ಪರಸ್ಪರ ಸಮತೋಲವನ್ನು ತೊಟ್ಟಿಯಲ್ಲಿ ತೋರಿಸಿಕೊಟ್ಟರು. ಲಂಡನ್ನಿನ ಪ್ರಾಣಿ ಸಂಗ್ರಹಾಲಯದ ಮತ್ಸ್ಯಗೃಹವು ೧೮೫೩ರಲ್ಲಿ ತೆರೆಯಿತು. ಫಿಲಿಪ್ ಹೆನ್ರಿ ಗಾಸ್ ಅವರ ಗ್ರಂಥ ಮರುವರ್ಷ ಹೊರಬಂದಿತು. ಆದರೆ ನಾಲ್ಕು ಕಡೆಯೂ ಗಾಜಿರುವ ತೊಟ್ಟಿಯನ್ನು ಕಿಟಕಿಯ ಬಳಿ ಇಟ್ಟರೆ ಕೆಲವೇ ವಾರಗಳಲ್ಲಿ ನೀರು ಹಸಿರುಗಟ್ಟುತ್ತಿತ್ತು, ಬೇಸಗೆಯಲ್ಲಿ ಕಾಯುತ್ತಲೂ ಇತ್ತು. ಈ ತೊಂದರೆಗೆ ಪರಿಹಾರವನ್ನು ದೊಡ್ಡ ಪ್ರಮಾಣದಲ್ಲಿ ಕಾರ್ಯಗತಗೊಳಿಸಿದವರು ವಿಲಿಯಂ ಆಲ್ಫರ್ಡ್ ಲಾಯ್ಡ್. ಹ್ಯಾಂಬರ್ಗಿನಲ್ಲಿ ೧೮೬೪ರಲ್ಲಿಯೂ ಲಂಡನ್ನಿನ ಸ್ಫಟಿಕ ಸೌಧದಲ್ಲಿ ೧೮೭೧ರಲ್ಲಿಯೂ ತೆರೆದ ಮತ್ಸ್ಯಾಲಯಗಳು ಅವರ ಪದ್ಧತಿಯನ್ನು ಅನುಸರಿಸಿದುವು. ಪ್ರದರ್ಶನದ ತೊಟ್ಟಿಗಳಿಗಿಂತ ಎಷ್ಟೋ ಪಾಲು ದೊಡ್ಡದಾದ ಒಂದು ಜಲಾಶಯವನ್ನು ನೆಲದ ಕೆಳಗೆ ಕತ್ತಲೆಯಲ್ಲಿ ಕಟ್ಟುವುದು. ಉಗಿಯಂತ್ರದ ಬಲದಿಂದ ನೀರನ್ನು ಹಗಲಿರುಳೂ ಮೇಲಕ್ಕೆತ್ತಿ ತೊಟ್ಟಿಗಳ ಮೂಲಕ ಹರಿಸಿ ಮತ್ತೆ ಕತ್ತಲೆಗೇ ಮರಳಿಸುವುದು. ನೀರನ್ನು ಬದಲಾಯಿಸುವುದಕ್ಕಿಂತ ಚಲಿಸುವುದು ಮುಖ್ಯವೆಂಬುದು ಲಾಯ್ಡರ ದೃಢ ನಂಬಿಕೆ. ಆಂಟನ್ ಡೋರ್ನ್ ಅವರು ನೇಪಲ್ಸಿನಲ್ಲಿ ಸ್ಥಾಪಿಸಿದ ಪ್ರಾಣಿಶಾಸ್ತ್ರ ಕೇಂದ್ರದ ಮತ್ಸ್ಯಾಲಯವು ೧೮೭೪ರಲ್ಲಿ ತೆರೆದಾಗ ಅದಕ್ಕೂ ಲಾಯ್ಡರ ಸಲಹೆಯಿತ್ತು.

ಲಾಯ್ಡರ ಕತ್ತಲೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸಲ್ಲದು. ಅವರ ತೊಟ್ಟಿಗಳಲ್ಲಿದ್ದವು ಉತ್ತರದ ಕಡಲಿನ ಮೀನು, ಏಡಿ, ಕಡಲಹೂಗಳು. ಅವುಗಳಿಗೆ ಆ ವ್ಯವಸ್ಥೆ ಉತ್ತಮವಾಗಿಯೇ ಒದಗಿತು. ಆದರೆ ಅವರ ಯಶಸ್ಸೇ ಮುಂದಿನವರಿಗೆ ಸಂಪ್ರದಾಯವಾಯಿತು. ಮಬ್ಬು ಬೆಳಕಿನ ಮೊಗಸಾಲೆಗಳಲ್ಲಿ ಉಷ್ಣವಲಯದ ಹವಳಗಳು ಬಾಳುವಂತಿರಲಿಲ್ಲ. ಅನೇಕ ಮತ್ಸ್ಯಾಲಯಗಳಲ್ಲಿ ಹವಳವೆಂದರೆ ಮೀನುಗಳ ಹಿಂದೆ ಅಲಂಕಾರಕ್ಕಿಟ್ಟ ಬಿಳಿಯ ಅಸ್ಥಿಪಂಜರವಾಗಿತ್ತು.

ಕಾರ್ಲ್ ಬ್ರಾಂಟ್ ಎಂಬ ಜರ್ಮನ್ ವಿದ್ವಾಂಸರು ೧೮೮೧ರಲ್ಲಿ ಇಂಥ ಪ್ರಾಣಿಗಳ ದೇಹದೊಳಗಿನ ಹಳದಿ ಕಣಗಳು ಪ್ರತ್ಯೇಕ ಪಾಚಿಗಳೆಂದು ತೋರಿಸಿ, ಜೂಕ್ಸಾಂತೆಲ್ಲ ಎಂದು ಹೆಸರಿಟ್ಟರು. ಪ್ರಾಣಿಯೊಳಗೆ ಪಾಚಿಯಿದ್ದರೆ ಪ್ರಾಣಿಗೆ ಬೆಳಕು ಬೇಕೆಂಬ ತೀರ್ಮಾನ ಸಹಜವಾಗಿಯೇ ಬರಬೇಕಿತ್ತು. ಬರಲಿಲ್ಲ. ಸಿ. ಎಂ. ಯಂಗ್ ಅವರ ನೇತೃತ್ವದಲ್ಲಿ ೧೯೨೮-೨೯ರಲ್ಲಿ ಆಸ್ಟ್ರೇಲಿಯದ ಲೋ ದ್ವೀಪಗಳಲ್ಲಿ ಬೀಡುಬಿಟ್ಟ ಬ್ರಿಟಿಷ್ ತಂಡವು ಹವಳಗಳನ್ನು ಬೆಳಕು ಹೊಗದ ಪೆಟ್ಟಿಗೆಗಳಲ್ಲಿರಿಸಿ ಪರೀಕ್ಷಿಸಿತು. ಕತ್ತಲೆಯಲ್ಲಿ ಹವಳಗಳು ತಮ್ಮ ಪಾಚಿಗಳನ್ನು ಕಳೆದುಕೊಂಡುವು. ಆದರೂ ಪ್ರಾಣಿಜನ್ಯ ಆಹಾರ ದೊರೆತಾಗ ಬದುಕಿದುವು. ಪಾಚಿಗಳಿಂದ ಹವಳಕ್ಕೆ ಆಹಾರ ದೊರೆಯುವುದಿಲ್ಲ, ಅವು ತ್ಯಾಜ್ಯವನ್ನು ಹೀರಿಕೊಳ್ಳುವ ಅಂಗದಂತೆ ವರ್ತಿಸುತ್ತವೆ ಎಂದು ಯಂಗ್ ನಿರ್ಣಯಿಸಿದರು. ಪ್ರಯೋಗ ಎಚ್ಚರಿಕೆಯಿಂದ ನಡೆದದ್ದೇ. ಆದರೆ ಬದುಕಿ ಉಳಿಯುವುದೂ ಬೆಳೆದು ದಿಬ್ಬ ಕಟ್ಟುವುದೂ ಒಂದೇ ಅಲ್ಲ ಎಂಬ ಭೇದವನ್ನು ಆ ನಿರ್ಣಯ ಸಾಕಷ್ಟು ಗಣಿಸಲಿಲ್ಲವೆಂದು ನಮಗೆ ತೋರುತ್ತದೆ. ವಿಕಿರಣಶೀಲ ಧಾತುಗಳ ಬಳಕೆ ಬಂದ ಮೇಲೆ ಚಿತ್ರ ಬದಲಾಯಿತು. ಪಾಚಿಯಲ್ಲಿ ಸಿದ್ಧವಾದ ಇಂಗಾಲ ಆತಿಥೇಯ ಪ್ರಾಣಿಗೆ ಸಾಗುವುದನ್ನು ೧೯೫೮ರಲ್ಲಿ ಮಸ್ಕಟೈನ್ ಮತ್ತು ಹ್ಯಾಂಡ್ ಅವರು ಕಡಲಹೂವೊಂದರಲ್ಲಿ ಕಂಡರು. ಮರುವರ್ಷ ಥಾಮಸ್ ಗೋರೋ ಅವರು ಜಮೈಕದ ಹವಳಗಳಲ್ಲಿ ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ, ಬೆಳಕಿನಲ್ಲಿ ಸುಣ್ಣದ ಸಂಚಯನವು ಕತ್ತಲೆಯಲ್ಲಿರುವುದಕ್ಕಿಂತ ಬಹಳ ವೇಗವಾಗಿ ನಡೆಯುವುದೆಂದು ಸ್ಥಾಪಿಸಿದರು.

ವಿದ್ವಾಂಸರ ಈ ವಿವಾದ ಮುಗಿಯುವ ಮೊದಲೇ, ಕಡಲ ದಡದಲ್ಲಿದ್ದವರು ಬೇರೆ ದಾರಿಯಿಂದ ಗುರಿ ಮುಟ್ಟಿದ್ದರು. ರೆನೇ ಕತಾಲ ಅವರು ೧೯೫೬ರಲ್ಲಿ ನ್ಯೂ ಕ್ಯಾಲೆಡೋನಿಯದ ನೂಮಿಯದಲ್ಲಿ ತೆರೆದ ಮತ್ಸ್ಯಾಲಯದಲ್ಲಿ ಹತ್ತಿರದ ಕಡಲ ನೀರೇ ತೊಟ್ಟಿಗಳ ಮೂಲಕ ಎಡೆಬಿಡದೆ ಹರಿಯುತ್ತಿತ್ತು, ಬೀಳುತ್ತಿದ್ದುದು ಹಗಲಿನ ಬೆಳಕು. ಅಲ್ಲಿ ಹವಳಗಳು ಜೀವಂತವಾಗಿ ಪ್ರದರ್ಶಿತವಾದುವು. ಇಂಡೊನೇಷ್ಯದ ಲೀ ಚಿನ್ ಎಂಗ್ ಎಂಬವರು ೧೯೬೧ರಲ್ಲಿ ಪ್ರಕಟಿಸಿದ ಕ್ರಮ ಇನ್ನೂ ಸರಳ: ಕಡಲಿನಿಂದ ತಂದ ಜೀವಭರಿತ ಕಲ್ಲು, ಕಡಲ ನೀರು, ಬಿಸಿಲು, ಗಾಳಿಯ ಗುಳ್ಳೆಗಳು. ಅವರು ಇದನ್ನು ನಿಸರ್ಗದ ಪದ್ಧತಿಯೆಂದು ಕರೆದರು. ಇವರಿಬ್ಬರೂ ಬೆಳಕು ಮತ್ತು ಪ್ರವಾಹಗಳನ್ನು ಒಟ್ಟಿಗೆ ಪಡೆದರು. ಏಕೆಂದರೆ ಎರಡನ್ನೂ ಕಡಲೇ ಒಟ್ಟಿಗೆ ಕೊಟ್ಟಿತು.

ಬರ್ಲಿನ್ನಿನಂಥ ಊರಿಗೆ ಈ ಅನುಕೂಲವಿಲ್ಲ. ಉಷ್ಣವಲಯದಲ್ಲಿ ನಡುಹಗಲಿನ ಬಿಸಿಲು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು ೨೦೦೦ ಮೈಕ್ರೊಮೋಲ್ ಬೆಳಕಿನ ಕಣಗಳನ್ನು ನೀರಿನ ಮೇಲೆ ಸುರಿಸುತ್ತದೆ. ೧೯೩೮ರಲ್ಲಿ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟುಗಳನ್ನು ಕೆಲವನ್ನು ಸಾಲಾಗಿ ಜೋಡಿಸಿದರೂ ಅದರ ಹತ್ತರಲ್ಲೊಂದು ಪಾಲು ತೊಟ್ಟಿಯ ತಳ ಮುಟ್ಟುವುದು ದುಸ್ತರ. ೧೯೬೦ರ ದಶಕದಲ್ಲಿ ಸಿದ್ಧವಾದ ಮೆಟಲ್ ಹ್ಯಾಲೈಡ್ ದೀಪವು ಬೀದಿ, ಕಾರ್ಖಾನೆ, ಆಟದ ಬಯಲುಗಳಿಗೆಂದು ನಿರ್ಮಿತವಾದದ್ದು. ಜರ್ಮನಿಯ ಹವ್ಯಾಸಿಗಳು ಅದನ್ನು ತೊಟ್ಟಿಯ ಮೇಲೆ ತೂಗಿದರು. ಜೀವಭರಿತ ಕಲ್ಲು, ನೊರೆಯ ಮೂಲಕ ಕಲ್ಮಷವನ್ನು ತೆಗೆಯುವ ಶೋಧಕ, ಬಲವಾದ ಬೆಳಕು, ಬಲವಾದ ಪ್ರವಾಹ — ಈ ನಾಲ್ಕೂ ಕೂಡಿದ ಕ್ರಮಕ್ಕೆ ಬರ್ಲಿನ್ ಪದ್ಧತಿಯೆಂದು ಹೆಸರಾಯಿತು. ಡೀಟ್ರಿಚ್ ಸ್ಟೂಬರ್ ಅವರು ತಮ್ಮ ತೊಟ್ಟಿಯಲ್ಲಿ ಬೆಳೆದ ಅಕ್ರೊಪೊರ ಹವಳದ ತುಂಡುಗಳನ್ನು ಇತರರಿಗೆ ಹಂಚಿದ್ದು ಈ ಪರಂಪರೆಯ ಪ್ರಸಿದ್ಧ ಘಟನೆ. ಕಡಲಿನಿಂದ ಕೀಳದೆ, ತೊಟ್ಟಿಯಿಂದ ತೊಟ್ಟಿಗೆ, ದಾಸವಾಳದ ಕಡ್ಡಿ ನೆಟ್ಟಂತೆ ಹವಳವನ್ನು ಹಬ್ಬಿಸಬಹುದೆಂಬುದು ಆಗ ಖಚಿತವಾಯಿತು.

ಬೆಳಕು ಹೀಗೆ ದೊರೆತಾಗ ಪ್ರವಾಹದ ಕೊರತೆ ಹೊಸ ರೂಪದಲ್ಲಿ ಕಾಣಿಸಿಕೊಂಡಿತು. ಅಂದಿನ ಸಣ್ಣ ಪಂಪುಗಳು ನೀರನ್ನು ಕಿರಿದಾದ ಧಾರೆಯಾಗಿ ಚಿಮ್ಮಿಸುತ್ತಿದ್ದುವು. ಧಾರೆಗೆ ಎದುರಾದ ಹವಳದ ಅಂಗಾಂಶ ಕಿತ್ತುಹೋಗುತ್ತಿತ್ತು. ಪಕ್ಕದ ಮೂಲೆಯಲ್ಲಿ ನೀರು ನಿಶ್ಚಲವಾಗಿರುತ್ತಿತ್ತು. ದಿಬ್ಬದ ಮೇಲಿನ ನೀರು ಹೀಗೆ ಚಿಮ್ಮುವುದಿಲ್ಲ. ಅಲೆಯೊಂದಿಗೆ ಬಂದು ಅಲೆಯೊಂದಿಗೆ ಹಿಂಜರಿಯುತ್ತದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಅವರು ಈ ಸತ್ಯವನ್ನು ಬಹುವಾಗಿ ಮನಗಂಡವರು. ೧೯೮೦ರಲ್ಲಿ ಅಲ್ಲಿಯ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ತೆರೆದ ದಿಬ್ಬದ ತೊಟ್ಟಿಗೆ ಅವರು ಕೃತಕ ಅಲೆಯನ್ನು ಒದಗಿಸಿದರು. ನೀರು ತುಂಬುತ್ತ ತುಂಬುತ್ತ ತಾನಾಗಿ ಮಗುಚಿಕೊಳ್ಳುವ ತೊಟ್ಟಿಲಿನಂಥ ಪಾತ್ರೆ ಅವರ ಪದ್ಧತಿಯ ಒಂದು ಉಪಾಯ. ಆಸ್ಟ್ರೇಲಿಯದ ಟೌನ್ಸ್‌ವಿಲ್ಲಿನಲ್ಲಿ ೧೯೮೭ರಲ್ಲಿ ತೆರೆದ ೨೫ ಲಕ್ಷ ಲೀಟರಿನ ದಿಬ್ಬದ ತೊಟ್ಟಿಗೆ ನೇರ ಬಿಸಿಲಿನ ಜೊತೆಗೆ ಅಲೆಯ ಯಂತ್ರವನ್ನೂ ಜೋಡಿಸಲಾಯಿತು.

ಬೆಳಕಿಗೂ ಪ್ರವಾಹಕ್ಕೂ ಇರುವ ಸಂಬಂಧವಾದರೂ ಏನು? ಹವಳದ ಮೈಗೆ ಅಂಟಿದಂತೆ ಅತಿ ತೆಳುವಾದ ಒಂದು ನಿಶ್ಚಲ ನೀರಿನ ಪದರವಿರುತ್ತದೆ. ಒಳಬರುವ ಇಂಗಾಲವೂ ಹೊರಹೋಗುವ ಆಮ್ಲಜನಕವೂ ಆ ಪದರವನ್ನು ದಾಟಬೇಕು. ಪ್ರವಾಹ ಬಲವಾದಷ್ಟೂ ಪದರ ತೆಳುವಾಗುತ್ತದೆ. ಡೆನಿಸನ್ ಮತ್ತು ಬಾರ್ನ್ಸ್ ಅವರು ನೀರಿನ ಚಲನೆಯು ಹವಳದ ದ್ಯುತಿಸಂಶ್ಲೇಷಣೆಯ ಮೇಲೂ ಸುಣ್ಣದ ಸಂಚಯನದ ಮೇಲೂ ಬೀರುವ ಪರಿಣಾಮವನ್ನು ೧೯೮೮ರಲ್ಲಿ ವಿವೇಚಿಸಿದರು. ಮೈಕೆಲ್ ಕ್ಯೂಲ್ ಮತ್ತು ಸಂಗಡಿಗರು ೧೯೯೫ರಲ್ಲಿ ಕೂದಲಿನಷ್ಟು ಸಪೂರವಾದ ಸೂಕ್ಷ್ಮಮಾಪಕಗಳನ್ನು ಹವಳದ ಅಂಗಾಂಶದೊಳಗೆ ತೂರಿಸಿ ನೋಡಿದಾಗ, ಬೆಳಕಿನಲ್ಲಿ ಅಲ್ಲಿ ಆಮ್ಲಜನಕ ಮಿತಿಮೀರಿ ತುಂಬುವುದೂ ಕತ್ತಲೆಯಾದ ಕೆಲವೇ ನಿಮಿಷಗಳಲ್ಲಿ ಬಹುಮಟ್ಟಿಗೆ ಬರಿದಾಗುವುದೂ ಕಂಡುಬಂದಿತು. ಆದುದರಿಂದ ನಿಂತ ನೀರಿನಲ್ಲಿ ದೀಪವನ್ನು ಪ್ರಖರಗೊಳಿಸಿದರೆ ಹವಳಕ್ಕೆ ಉಪಕಾರವಾಗುವುದಿಲ್ಲ. ಹೊರಹೋಗಲಾರದ ಆಮ್ಲಜನಕವೇ ವಿಷವಾಗಬಹುದು. ತೊಟ್ಟಿ ಇಡುವವರು ದೀಪದ ವ್ಯಾಟುಗಳನ್ನೂ ಪಂಪಿನ ಲೀಟರುಗಳನ್ನೂ ಬೇರೆಬೇರೆಯಾಗಿ ಲೆಕ್ಕಹಾಕುವ ರೂಢಿ ಈ ದೃಷ್ಟಿಯಿಂದ ಅಪೂರ್ಣ. ಹವಳಕ್ಕೆ ಎಷ್ಟು ಬೆಳಕು ಹಿತವೆಂಬುದನ್ನು ನಿರ್ಧರಿಸುವುದರಲ್ಲಿ ಅದರ ಮೇಲೆ ಹರಿಯುವ ನೀರಿನ ವೇಗಕ್ಕೂ ಪಾತ್ರವಿದೆ.

ಈ ಸಂಗತಿ ತೊಟ್ಟಿಯ ಹೊರಗೂ ಸತ್ಯ. ಓಕಿನಾವದಲ್ಲಿ ೧೯೯೮ರ ಬೇಗೆಯಲ್ಲಿ ಹವಳಗಳು ಬಿಳಿಚಿದ ಬಳಿಕ ನಕಮುರ ಮತ್ತು ವಾನ್ ವೂಸಿಕ್ ಅವರು ೨೦೦೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಸಿ ನೀರು ಮತ್ತು ಬಲವಾದ ಬೆಳಕುಗಳ ನಡುವೆಯೂ ವೇಗದ ಪ್ರವಾಹದಲ್ಲಿದ್ದ ಹವಳಗಳು ಉಳಿದುವು. ನಿಧಾನದ ನೀರಿನಲ್ಲಿದ್ದವು ಅಳಿದುವು.

ದೀಪಗಳ ಮುಂದಿನ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. ೧೯೯೦ರ ದಶಕದಲ್ಲಿ ಜಪಾನಿನಲ್ಲಿ ಪ್ರಖರವಾದ ನೀಲಿ ಎಲ್.ಇ.ಡಿ. ಸಿದ್ಧವಾಯಿತು; ಅದರ ನಿರ್ಮಾಪಕರಾದ ಅಕಸಾಕಿ, ಅಮಾನೊ, ನಕಮುರ ಅವರಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನೀರಿನ ಆಳಕ್ಕೆ ಇಳಿಯುವುದು ಮುಖ್ಯವಾಗಿ ನೀಲಿ ಬೆಳಕಾದುದರಿಂದ ಹವಳದ ತೊಟ್ಟಿಗೆ ಇದು ಬಹಳ ಒಪ್ಪಿತು. ಇದರ ನಿಜವಾದ ಪ್ರಯೋಜನ ವಿದ್ಯುತ್ತಿನ ಉಳಿತಾಯಕ್ಕಿಂತ ಹೆಚ್ಚಿನದು: ಬೆಳಕನ್ನು ನಿಮಿಷ ನಿಮಿಷಕ್ಕೆ ಏರಿಸಿ ಇಳಿಸಬಹುದು, ಬೆಳದಿಂಗಳಿನಷ್ಟು ಕ್ಷೀಣಗೊಳಿಸಲೂಬಹುದು. ಅಗಲವಾದ ಮೃದು ಪ್ರವಾಹವನ್ನು ಕೊಡುವ ರೆಕ್ಕೆಯ ಪಂಪುಗಳೂ ಈ ಶತಮಾನದ ಮೊದಲ ದಶಕದಲ್ಲಿ ಬಳಕೆಗೆ ಬಂದುವು.

ನಮ್ಮ ದೇಶದ ವಿದ್ಯಾರ್ಥಿಗಳು ಒಂದು ಮಾತನ್ನು ಮರೆಯಬಾರದು. ದಿಬ್ಬ ಕಟ್ಟುವ ಹವಳಗಳು ೨೦೦೧ರಿಂದ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಯಲ್ಲಿವೆ. ಲಕ್ಷದ್ವೀಪದಿಂದಾಗಲಿ ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ ಪ್ರಯೋಗಶಾಲೆಗೆಂದು ಒಂದು ತುಂಡನ್ನು ತನ್ನಿಚ್ಛೆಯಿಂದ ಕಿತ್ತು ತರುವುದು ಅಪರಾಧ.

ಸ್ಫಟಿಕ ಸೌಧವಿದ್ದ ದಕ್ಷಿಣ ಲಂಡನ್ನಿನಲ್ಲಿಯೇ, ಅಲ್ಲಿಂದ ಅನತಿ ದೂರದಲ್ಲಿ ಹಾರ್ನಿಮನ್ ಸಂಗ್ರಹಾಲಯವಿದೆ. ಅಲ್ಲಿಯ ಜೇಮಿ ಕ್ರಾಗ್ಸ್ ಮತ್ತು ಸಂಗಡಿಗರು ಹಗಲಿನ ಉದ್ದ, ಋತುವಿನ ಉಷ್ಣತೆ, ಚಂದ್ರನ ಉದಯಾಸ್ತಗಳು ಇವೆಲ್ಲವನ್ನೂ ಗಣಕಯಂತ್ರದ ಮೂಲಕ ಹವಳದ ಮೂಲಸ್ಥಾನಕ್ಕೆ ಹೊಂದಿಸಿ, ಮುಚ್ಚಿದ ತೊಟ್ಟಿಯಲ್ಲಿ ಅಕ್ರೊಪೊರ ಹವಳಗಳು ನಿಯತಕಾಲದಲ್ಲಿ ಅಂಡ ಮತ್ತು ಶುಕ್ರಾಣುಗಳನ್ನು ಬಿಡುವಂತೆ ಮಾಡಿ, ಆ ವಿಧಾನವನ್ನು ೨೦೧೭ರಲ್ಲಿ ಪ್ರಕಟಿಸಿದರು. ಲಾಯ್ಡರು ಕತ್ತಲೆಯನ್ನು ಶೇಖರಿಸಿದ ಪ್ರದೇಶದಲ್ಲಿ ಇವರು ಬೆಳದಿಂಗಳನ್ನು ಅಳೆದು ಸುರಿದರು. ಅವರ ಸಹಕಾರದಿಂದ ೨೦೧೯ರಲ್ಲಿ ಫ್ಲಾರಿಡದ ಮತ್ಸ್ಯಾಲಯದಲ್ಲಿ, ಅಳಿವಿನ ಅಂಚಿನಲ್ಲಿದ್ದ ಕಂಬದ ಹವಳವೂ ತೊಟ್ಟಿಯಲ್ಲಿ ಸಂತಾನಕ್ರಿಯೆ ನಡೆಸಿತು. ೨೦೨೩ರ ಬೇಸಗೆಯಲ್ಲಿ ಫ್ಲಾರಿಡದ ಕಡಲು ಅಸಾಧಾರಣವಾಗಿ ಕಾದಾಗ, ಕಡಲಿನ ಪೋಷಣಾಕ್ಷೇತ್ರಗಳಲ್ಲಿದ್ದ ಹವಳಗಳನ್ನು ಅವಸರದಿಂದ ಮೇಲೆತ್ತಿ ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ಹವ್ಯಾಸಿಗಳ ವಿನೋದವೆನಿಸಿದ್ದ ವಿದ್ಯೆ ಅಂದು ಆಶ್ರಯವಾಯಿತು.

ಹವಳಗಳು ಅಂಡ ಬಿಡುವ ರಾತ್ರಿ ತೊಟ್ಟಿಯ ದೀಪಗಳು ಆರಿರುತ್ತವೆ. ಕಾವಲಿರುವವರು ಮಂಕಾದ ಕೆಂಪು ಬೆಳಕಿನಲ್ಲಿ ಕಾಯುತ್ತಾರೆ. ಗುಲಾಬಿ ಬಣ್ಣದ ಸಣ್ಣ ಉಂಡೆಗಳು ಮೇಲಕ್ಕೆ ತೇಲತೊಡಗಿದೊಡನೆ ಪಂಪುಗಳನ್ನು ನಿಲ್ಲಿಸುತ್ತಾರೆ. ಅವುಗಳನ್ನು ಸಂಗ್ರಹಿಸಿ ಮುಗಿದ ಮೇಲೆ ನೀರು ಮತ್ತೆ ಹರಿಯುತ್ತದೆ.