ಅಪ್‌ಡೇಟ್ ಯಂತ್ರದ್ದು, ಒಪ್ಪಿಗೆ ನಮ್ಮದು
ನಾವು ಮಲಗಿದ್ದಾಗ ಫೋನ್ ತಾನೇ ಅಪ್‌ಡೇಟ್ ಆದರೆ, ಏನು ಬದಲಾಯಿತೆಂದು ಕೇಳುವುದಿಲ್ಲ. ಕೇಳಿಯೇ ಬದಲಿಸುವ ಕಂಪ್ಯೂಟರ್ ವ್ಯವಸ್ಥೆಯೊಂದಿದೆ: ಜೆಂಟೂ ಲಿನಕ್ಸ್. ಅಮೆರಿಕದ ಡೇನಿಯಲ್ ರಾಬಿನ್ಸ್ ಶುರುಮಾಡಿದ ಇದರ 1.0 ಆವೃತ್ತಿ 2002ರಲ್ಲಿ ಬಂತು.

ಹಿಟ್ಟು ಕೊಳ್ಳದೆ, ಕಾಳು ತಂದು ಮನೆಯಲ್ಲೇ ಬೀಸಿದ ಹಾಗೆ ಇದರ ಕ್ರಮ. ಸೋರ್ಸ್ ಕೋಡ್ ತರಿಸಿ, ನಮ್ಮ ಕಂಪ್ಯೂಟರಿನಲ್ಲೇ ತಂತ್ರಾಂಶ ಸಿದ್ಧಪಡಿಸುವುದು 'ಪೋರ್ಟೇಜ್' ಎಂಬ ಸಾಧನ. ದೊಡ್ಡ ತಂತ್ರಾಂಶಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅದಕ್ಕೇ ರಾತ್ರಿ ತಾನಾಗಿ ಓಡುವಂತೆ ಹೊತ್ತು ಗೊತ್ತುಮಾಡಿ ಮಲಗುವವರಿದ್ದಾರೆ.

ಆದರೆ ನಾವು ತಿದ್ದಿಟ್ಟ ಸೆಟ್ಟಿಂಗ್ ಫೈಲುಗಳನ್ನು ಪೋರ್ಟೇಜ್ ಅಳಿಸುವುದಿಲ್ಲ. ಹೊಸದನ್ನು ಪಕ್ಕದಲ್ಲಿಟ್ಟು ಕಾಯುತ್ತದೆ. ಬೆಳಿಗ್ಗೆ ಎರಡನ್ನೂ ಹೋಲಿಸಿ ಒಪ್ಪುವುದು ಮನುಷ್ಯನ ಕೆಲಸ.

2023ರ ಡಿಸೆಂಬರಿನಲ್ಲಿ ಜೆಂಟೂ ಸಿದ್ಧ ಪ್ಯಾಕೇಜುಗಳನ್ನೂ ದೊಡ್ಡ ಪ್ರಮಾಣದಲ್ಲಿ ಕೊಡತೊಡಗಿತು. ಬೀಸುವ ಶ್ರಮ ತಗ್ಗಿತು. ಕೇಳಿ ಬದಲಿಸುವ ಪದ್ಧತಿ ಉಳಿಯಿತು. ನಮ್ಮ ಫೋನಿಗೂ ಬೇಕಾದದ್ದು ಅದೇ.